ರಾಟೆಯ ಹಗ್ಗದಲ್ಲಿ ಒಂದು ಕೋನ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಹತ್ತನೇ ತರಗತಿವರೆಗೆ ಗಣಿತವನ್ನು ಕನ್ನಡದಲ್ಲೇ ಕಲಿಯುತ್ತಾರೆ. ತ್ರಿಜ್ಯ, ಪರಿಧಿ, ಕಂಸ ಎಲ್ಲ ಅವರಿಗೆ ಮನೆಮಾತು. ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೇ ತರಗತಿಗೆ, ಹೋದ ಕೂಡಲೇ ಪುಸ್ತಕ ಇಂಗ್ಲಿಷಿನದ್ದು. ಅದೇ ಹೊತ್ತಿಗೆ ಕೋನದ ಅಳತೆಯೂ ಬದಲಾಗಿ, ಡಿಗ್ರಿಯ ಜಾಗಕ್ಕೆ ರೇಡಿಯನ್ ಬರುತ್ತದೆ. ಎರಡು ಹೊಸತು ಒಟ್ಟಿಗೆ ಬಂದರೆ ಮಕ್ಕಳಿಗೆ ಕಷ್ಟವಾಗದೆ ಇರುತ್ತದಾ?

ಈ ವರ್ಷ ನನ್ನ ಅಕ್ಕನ ಮಗಳ ಸರದಿ. "180 ಡಿಗ್ರಿ ಅಂದ್ರೆ ಪೈ ರೇಡಿಯನ್ ಅಂತ ಬಾಯಿಪಾಠ ಮಾಡಿದ್ದೇನೆ ಮಾವ. ಆದ್ರೆ ಒಂದು ರೇಡಿಯನ್ ಅಂದ್ರೆ ಏನು ಅಂತ ಕೇಳಿದ್ರೆ ಗೊತ್ತಿಲ್ಲ" ಅಂದಳು. ಬಾವಿಕಟ್ಟೆಗೆ ಕರೆದುಕೊಂಡು ಹೋದೆ. ಈಗ ನೀರಿಗೆ ಪಂಪ್ ಇದೆ. ಆದರೂ ರಾಟೆಯನ್ನು ನಾವು ತೆಗೆದಿಲ್ಲ.

ರಾಟೆಯ ತ್ರಿಜ್ಯ 10 ಸೆಂಟಿಮೀಟರ್. ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿದೆವು. ಹಗ್ಗವನ್ನು ಸರಿಯಾಗಿ 10 ಸೆಂಟಿಮೀಟರ್ ಎಳೆದೆವು. ಗುರುತು ಎಷ್ಟು ತಿರುಗಿತೋ ಅದೇ ಒಂದು ರೇಡಿಯನ್. ಡಿಗ್ರಿಯಲ್ಲಿ ಹೇಳುವುದಾದರೆ ಸುಮಾರು 57.3. ರಾಟೆ ದೊಡ್ಡದಾದರೆ ಹಗ್ಗವೂ ಜಾಸ್ತಿ ಬೇಕು, ಕೋನ ಮಾತ್ರ ಅಷ್ಟೇ. ಎಳೆದ ಹಗ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಕೋನ ಸಿಕ್ಕಿತು.

ಆಟಿ ತಿಂಗಳ ಮಳೆಗೆ ನೀರು ಮೇಲೆ ಬಂದು 6 ಮೀಟರ್ ಆಳದಲ್ಲಿತ್ತು. ಕೊಡಪಾನ ಮೇಲೆ ಬರಲು 600 ಸೆಂಟಿಮೀಟರ್ ಹಗ್ಗ ಎಳೆಯಬೇಕು. ಅಂದರೆ 60 ರೇಡಿಯನ್. ಒಂದು ಪೂರ್ತಿ ಸುತ್ತಿಗೆ 2 ಪೈ, ಅಂದರೆ 6.28 ರೇಡಿಯನ್. ಹಾಗಾಗಿ ರಾಟೆ ಒಂಬತ್ತೂವರೆ ಸುತ್ತು ತಿರುಗಬೇಕು. ನಾನು ಎಳೆದೆ, ಅವಳು ಗುರುತು ನೋಡುತ್ತಾ ಎಣಿಸಿದಳು. ಒಂಬತ್ತೂವರೆಯೇ! ಬೇಸಗೆಯಲ್ಲಿ ನೀರು 12 ಮೀಟರಿಗೆ ಇಳಿದರೆ ಎಷ್ಟು ಸುತ್ತು ಅಂತ ನಾನು ಕೇಳುವ ಮೊದಲೇ "ಹತ್ತೊಂಬತ್ತು" ಅಂದಳು.

ವೃತ್ತವನ್ನು 360 ಭಾಗ ಮಾಡಿದ್ದು ಮನುಷ್ಯರ ಅನುಕೂಲಕ್ಕೆ. ರೇಡಿಯನ್ ಹಾಗಲ್ಲ, ವೃತ್ತದ ಸ್ವಂತ ತ್ರಿಜ್ಯವೇ ಅದರ ಅಳತೆಗೋಲು. ಆ ಹೆಸರು ಅಚ್ಚಿನಲ್ಲಿ ಬಂದದ್ದು 1873ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ ಜೇಮ್ಸ್ ಥಾಮ್ಸನ್ ಬರೆದ ಪರೀಕ್ಷೆಯ ಪ್ರಶ್ನೆಗಳಲ್ಲಿ. ಯೋಚನೆ ಮಾತ್ರ ತುಂಬಾ ಹಳೆಯದು. ಐದನೇ ಶತಮಾನದ ಕೊನೆಯಲ್ಲಿ ಆರ್ಯಭಟ ಜ್ಯಾ ಕೋಷ್ಟಕ, ಅಂದರೆ ಸೈನ್ ಬೆಲೆಗಳ ಪಟ್ಟಿ, ಕೊಟ್ಟ. ಅಲ್ಲಿ ಪರಿಧಿಗೆ 21,600 ಕಲೆ (ಒಂದು ಡಿಗ್ರಿಗೆ 60 ಕಲೆ), ತ್ರಿಜ್ಯಕ್ಕೂ ಅದೇ ಕಲೆಯ ಅಳತೆ: 3438. ಇದನ್ನು 60ರಿಂದ ಭಾಗಿಸಿ ನೋಡಿ, 57.3 ಬರುತ್ತದೆ. ನಮ್ಮ ರಾಟೆ ತಿರುಗಿದ ಅದೇ ಕೋನ! ಮುಂದೆ 14ನೇ ಶತಮಾನದಲ್ಲಿ ಇದೇ ಕೇರಳದ ಸಂಗಮಗ್ರಾಮದ ಮಾಧವ ಅದನ್ನು ಇನ್ನೂ ಸೂಕ್ಷ್ಮ ಮಾಡಿದ. 3437 ಕಲೆ, 44 ವಿಕಲೆ (ಒಂದು ಕಲೆಗೆ 60 ವಿಕಲೆ), ಮೇಲೆ ಇನ್ನೂ ಸ್ವಲ್ಪ. ಇಂದಿನ ಕ್ಯಾಲ್ಕುಲೇಟರ್ ಕೂಡ ಅಷ್ಟೇ ಹೇಳುತ್ತದೆ. ಪಾಠ ಶುರು ಮಾಡುವಾಗ ಈ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು ಅಂತ ನನ್ನ ಆಸೆ.

ಕ್ಯಾಲ್ಕುಲೇಟರ್ ಅಂದಾಗ ನೆನಪಾಯಿತು. ಅದು ರೇಡಿಯನ್‌ನಲ್ಲಿರುವಾಗ ಸುಮ್ನೆ ಸೈನ್ 30 ಒತ್ತಿದರೆ 0.5 ಬರುವುದಿಲ್ಲ, ಮೈನಸ್ 0.988 ಬರುತ್ತದೆ. ಲೆಕ್ಕ ಮಾಡುವ ಮೊದಲು ಅದನ್ನು ನೋಡಿಕೊಳ್ಳಿ.

ಇನ್ನು ವೃತ್ತೀಯ ಚಲನೆ. ಮನೆಯ ಫ್ಯಾನ್ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 5 ಸುತ್ತು, ಅಂದರೆ 31.4 ರೇಡಿಯನ್. ರೆಕ್ಕೆಯ ತುದಿ ನಡುವಿನಿಂದ 60 ಸೆಂಟಿಮೀಟರ್ ದೂರ ಇದ್ದರೆ ಅದರ ವೇಗ 0.6 ಗುಣಿಸು 31.4. ಸೆಕೆಂಡಿಗೆ ಹತ್ತಿರಹತ್ತಿರ 19 ಮೀಟರ್, ಗಂಟೆಗೆ ಸುಮಾರು 68 ಕಿಲೋಮೀಟರ್. ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿ ವೇಗ ಅದರ ಅರ್ಧ. ಕೋನವೇಗ, ಅಂದರೆ ಸೆಕೆಂಡಿಗೆ ತಿರುಗುವ ಕೋನ, ಮಾತ್ರ ಎರಡೂ ಕಡೆ ಒಂದೇ. ಇಲ್ಲಿಯೂ ನಡೆದದ್ದು ರಾಟೆಯ ಲೆಕ್ಕವೇ, ಅಲ್ವಾ? ಡಿಗ್ರಿಯಲ್ಲಿ ಮಾಡಿದ್ದರೆ ಪ್ರತಿ ಸಲ ಪೈಯಿಂದ ಗುಣಿಸಿ 180ರಿಂದ ಭಾಗಿಸಬೇಕಿತ್ತು.

ಕೊನೆಗೆ ಅವಳೇ ಕೇಳಿದಳು, ನೀರು ತುಂಬಿದ ಬಕೆಟನ್ನು ತಲೆಯ ಮೇಲಿಂದ ಸುತ್ತಿಸಿದರೆ ನೀರು ಯಾಕೆ ಬೀಳುವುದಿಲ್ಲ ಅಂತ. ಕೋನವೇಗದ ವರ್ಗವನ್ನು ತ್ರಿಜ್ಯದಿಂದ ಗುಣಿಸಿದಾಗ ಗುರುತ್ವಾಕರ್ಷಣೆಯ ವೇಗೋತ್ಕರ್ಷವಾದ 9.8ಕ್ಕಿಂತ ಜಾಸ್ತಿ ಬಂದರೆ ಸಾಕು. ಭುಜದಿಂದ ನೀರಿಗೆ 1 ಮೀಟರ್ ಇದ್ದರೆ ಸೆಕೆಂಡಿಗೆ 3.13 ರೇಡಿಯನ್, ಅಂದರೆ ಎರಡು ಸೆಕೆಂಡಿಗೆ ಒಂದು ಸುತ್ತು. ಅಂಗಳದಲ್ಲಿ ನಿಂತು ಅವಳು ಬಕೆಟ್ ಬೀಸಿದಳು, ನಾನು ಗಡಿಯಾರ ನೋಡಿದೆ. ಹತ್ತು ಸೆಕೆಂಡಿಗೆ ಎಂಟು ಸುತ್ತು. "ಸೆಕೆಂಡಿಗೆ ಐದು ರೇಡಿಯನ್ ಮಾವ!" ಅಂತ ಕೂಗಿದಳು. ಒಂದು ಹನಿಯೂ ಬೀಳಲಿಲ್ಲ.