ಬಣ್ಣ ಆಮೇಲೆ ನೋಡಿ, ಮೊದಲು ಹೊಟ್ಟೆ ನೋಡಿ

ಪ್ರಶ್ನೆ: ಹಳೇ ಕಾಲದ ಗಿಟಾರಿನಂತೆ ಕಾಣುವ, ಎಫ್-ಹೋಲ್ (ಮೇಲಿನ ಹಲಗೆಯಲ್ಲಿ f ಆಕಾರದ ತೂತು) ಇರುವ ಎಲೆಕ್ಟ್ರಿಕ್ ಗಿಟಾರ್ ಬೇಕು. ಗಿಬ್ಸನ್ ಕೊಳ್ಳುವಷ್ಟು ದುಡ್ಡಿಲ್ಲ. ಯಾವುದು ತೊಗೊಳ್ಳಲಿ?

ನಿಮ್ಮ ಕಣ್ಣಲ್ಲಿ ಕೂತಿರುವುದು ಬಹುಶಃ ಗಿಬ್ಸನ್ 1958ರಲ್ಲಿ ತಂದ ಇಎಸ್-335. ಅದಕ್ಕೂ ಹಿಂದಿನ ಜಾಝ್ ಗಿಟಾರುಗಳ ಹೊಟ್ಟೆ ಪೂರ್ತಿ ಟೊಳ್ಳು. ಆಂಪ್ (ಸದ್ದು ಹಿಗ್ಗಿಸುವ ಪೆಟ್ಟಿಗೆ) ಸ್ವಲ್ಪ ಜೋರು ಮಾಡಿದರೆ ಸಾಕು, ಆ ಸದ್ದಿಗೆ ಮೇಲಿನ ಹಲಗೆ ನಡುಗುತ್ತದೆ, ತಂತಿ ಅದುರುತ್ತದೆ, ಆ ಅದುರು, ಅದನ್ನು ವಿದ್ಯುತ್ತಾಗಿಸುವ ಪಿಕಪ್ಪಿನಿಂದ ಮತ್ತೆ ಆಂಪಿಗೇ ಹೋಗಿ ಕೂಗಲು ಶುರುವಾಗುತ್ತದೆ. 335ರಲ್ಲಿ ನಟ್ಟನಡುವೆ ಉದ್ದಕ್ಕೂ ಮೇಪಲ್ ದಿಮ್ಮಿ ಕೂರಿಸಿದರು. ಅಕ್ಕಪಕ್ಕದ ರೆಕ್ಕೆಗಳಷ್ಟೇ ಟೊಳ್ಳು ಉಳಿದವು. ಸೆಮಿ-ಹಾಲೊ ಅಂದರೆ ಇಷ್ಟೇ. ಹಾಗಂತ ಆ ಕೂಗು, ಅಂದರೆ ಫೀಡ್‌ಬ್ಯಾಕ್, ಪೂರ್ತಿ ಹೋಗಲಿಲ್ಲ. ಬ್ಲೂಸ್ ಗಿಟಾರಿಗ ಬಿ.ಬಿ. ಕಿಂಗ್ ಎಫ್-ಹೋಲಿಗೆ ಬಟ್ಟೆ ತುರುಕಿ ನುಡಿಸುತ್ತಿದ್ದರು; ಅವರಿಗಾಗಿ ಗಿಬ್ಸನ್ ತಂದ ಲುಸಿಲ್ ಮಾಡೆಲಿನಲ್ಲಿ ಎಫ್-ಹೋಲೇ ಇಲ್ಲ.

ಜನ ಎಡವುವುದು ಎಪಿಫೋನ್ ಕ್ಯಾಸಿನೊ ಮುಂದೆ. ಬೀಟಲ್ಸ್‌ನ ಲೆನನ್, ಮೆಕಾರ್ಟ್ನಿ, ಹ್ಯಾರಿಸನ್ ಮೂವರೂ ಇಟ್ಟುಕೊಂಡಿದ್ದ ಗಿಟಾರ್. ಹೊರಗಿನಿಂದ ನೋಡಿದರೆ 335ರ ತಮ್ಮ, ಒಳಗೆ ದಿಮ್ಮಿಯೇ ಇಲ್ಲ. ಜತೆಗೆ ಪಿ-90 ಪಿಕಪ್, ಅದು ಸಿಂಗಲ್ ಕಾಯಿಲ್. ಟ್ಯೂಬ್‌ಲೈಟ್ ಹತ್ತಿರ ಹೋದರೆ ಗುಂಯ್‌ಗುಡುತ್ತದೆ. ಕೋಣೆಯಲ್ಲಿ ಮೆಲ್ಲಗೆ ನುಡಿಸುವವರಿಗೆ ಇದರಷ್ಟು ಚಂದದ ದನಿ ಇನ್ನೊಂದಿಲ್ಲ. ಬ್ಯಾಂಡ್ ಕಟ್ಟುವ ಆಸೆಯಿದ್ದರೆ ಬೇಡ.

ಹಾಗಾದರೆ ಉಳಿಯುವುದು ಎಪಿಫೋನ್ ಡಾಟ್, ಐಬನೇಝ್ ಆರ್ಟ್‌ಕೋರ್ ಎಎಸ್73, ಗ್ರೆಚ್ ಸ್ಟ್ರೀಮ್‌ಲೈನರ್ ಜಿ2622. ಮೂರರಲ್ಲೂ ಸೆಂಟರ್ ಬ್ಲಾಕ್ (ಆ ನಡುದಿಮ್ಮಿ) ಇದೆ, ಹಂಬಕರ್ (ಗುಂಯ್‌ಗುಡುವುದನ್ನು ತಗ್ಗಿಸುವ ಎರಡು ಕಾಯಿಲ್ ಪಿಕಪ್) ಇದೆ. ನನ್ನನ್ನು ಕೇಳಿದರೆ ಸೆಕೆಂಡ್ ಹ್ಯಾಂಡ್ ಡಾಟ್. ಹೊಸದೇ ಬೇಕೆಂದರೆ ಎಎಸ್73. ಗ್ರೆಚ್‌ನ ನೋಟಕ್ಕೆ ಮನಸೋತರೆ ತಡೆಯಲಾರೆ, ಆದರೆ ಬಿಗ್ಸ್‌ಬಿ (ಒತ್ತಿ ದನಿ ಅಲುಗಿಸುವ ಹಿಡಿ) ಇಲ್ಲದ್ದನ್ನೇ ತೊಗೊಳ್ಳಿ. ಕಡಿಮೆ ಬೆಲೆಯ ಗಿಟಾರಿನಲ್ಲಿ ಆ ಹಿಡಿ ಒತ್ತಿದಾಗಲೆಲ್ಲ ಶ್ರುತಿ ಜಾರುವುದೇ ಹೆಚ್ಚು.

ಅಂಗಡಿಗೆ ಹೋದಾಗ ಮೊಬೈಲ್ ಟಾರ್ಚನ್ನು ಎಫ್-ಹೋಲಿಗೆ ಹಿಡಿದು ಇಣುಕಿ. ದಿಮ್ಮಿಯ ಗೋಡೆ ಕಾಣಬೇಕು. ಎದುರುಗಡೆಯ ತೂತಿನಿಂದ ಬೆಳಕು ಹಾಯ್ದು ಬಂದರೆ ಅದು ಪೂರ್ತಿ ಟೊಳ್ಳು. ಆಮೇಲೆ ಮೂರನೇ ತಂತಿಯ ಶ್ರುತಿ ನಿಧಾನವಾಗಿ ಏರಿಸಿ. ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬಳಿ ‘ಟಿಕ್’ ಎಂದರೆ ತಂತಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಇದು ದೊಡ್ಡ ದೋಷವಲ್ಲ, ರಿಪೇರಿಯವರು ತಂತಿ ಕೂರುವ ಸೀಳನ್ನು ಅಗಲಿಸಿಕೊಡುತ್ತಾರೆ. ಆದರೆ ಚೌಕಾಸಿಗೆ ಒಳ್ಳೇ ನೆಪ.

ಕೊನೆಗೆ ಕೇಬಲ್ ಚುಚ್ಚಿ ಜಾಕ್ ಅಲ್ಲಾಡಿಸಿ, ನಾಬ್‌ಗಳನ್ನೆಲ್ಲ ತಿರುಗಿಸಿ, ಕರಕರ ಎನ್ನುತ್ತದಾ ಕೇಳಿ. ಇಂಥ ಬಹುಪಾಲು ಗಿಟಾರುಗಳಿಗೆ ಹಿಂದೆ ಮುಚ್ಚಳವಿಲ್ಲ, ವೈರಿಂಗ್ ಪೂರ್ತಿ ಎಫ್-ಹೋಲಿನಿಂದಲೇ ಹೊರಗೆಳೆಯಬೇಕು. ಸಡಿಲವಾಗಿದ್ದ ಜಾಕಿನ ನಟ್ಟನ್ನು ನಾನೇ ಬಿಗಿ ಮಾಡುತ್ತೇನೆಂದು ಹೋಗಿ ಇಡೀ ಜಾಕನ್ನು ಒಳಗೆ ಬೀಳಿಸಿದ್ದೆ. ದಾರ ಕಟ್ಟಿ, ಮೀನು ಹಿಡಿದ ಹಾಗೆ ಎಳೆದು ತೆಗೆಯುವಷ್ಟರಲ್ಲಿ ಭಾನುವಾರ ಮುಗಿದಿತ್ತು. ವಾಷರ್ ಇನ್ನೂ ಒಳಗೇ ಇದೆ.