ಹಳೆ ಟ್ಯೂಬ್ ಆಂಪ್‌ಗೆ ಬೇರೆ ಟ್ರಾನ್ಸ್‌ಫಾರ್ಮರ್ ಆರಿಸುವಾಗ

ಮೈಸೂರಿನಲ್ಲಿ ನನ್ನ ಕೈಗೆ ಬರುವ ಹಳೆ ಗಿಟಾರ್ ಆಂಪ್‌ಗಳಲ್ಲಿ (ಟ್ಯೂಬ್, ಅಂದರೆ ವಾಲ್ವ್, ಹಾಕಿದ ಆಂಪ್ಲಿಫೈಯರ್‌ಗಳು) ಹೆಚ್ಚಿನವು ಅಮೆರಿಕದಿಂದ ನೆಂಟರೋ ಸ್ನೇಹಿತರೋ ತಂದುಕೊಟ್ಟವು. ‘ಪವರ್ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಅದೇ ಮಾಡೆಲ್‌ದು ತರಿಸಿ ಹಾಕಿ’ ಅನ್ನುತ್ತಾರೆ. ಮಾಡೆಲ್ ಹೊಂದಿದರೆ ಸಾಲದು. 1960ರ ದಶಕದಲ್ಲಿ ಅಮೆರಿಕದ ಫೆಂಡರ್ ಕಂಪನಿಯ ಆಂಪ್ ತಯಾರಾದದ್ದು 117 ವೋಲ್ಟ್, 60 ಹರ್ಟ್ಸ್ ಕರೆಂಟಿಗೆ. ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ಲೆಕ್ಕ ಶುರುವಾಗಬೇಕಾದದ್ದು ಗೋಡೆಯ ಪ್ಲಗ್‌ನಿಂದ.

ವೋಲ್ಟೇಜ್ ವಿಷಯ ಎಲ್ಲರಿಗೂ ಗೊತ್ತು. ವೋಲ್ಟೇಜ್ ಇಳಿಸುವ ಸ್ಟೆಪ್-ಡೌನ್ ಡಬ್ಬಿ ಇಟ್ಟುಕೊಳ್ಳುತ್ತಾರೆ. ಆದರೆ ಆ ಡಬ್ಬಿ ಹರ್ಟ್ಸ್ ಬದಲಾಯಿಸುವುದಿಲ್ಲ. ಅದೇ ವೋಲ್ಟೇಜ್ ಕೊಟ್ಟು 60ರಿಂದ 50 ಹರ್ಟ್ಸ್‌ಗೆ ಇಳಿದರೆ ಕೋರ್ (ಟ್ರಾನ್ಸ್‌ಫಾರ್ಮರ್ ನಡುವಿನ ಕಬ್ಬಿಣ) ಹೊರಬೇಕಾದ ಫ್ಲಕ್ಸ್, ಅಂದರೆ ಕಾಂತದ ಹರಿವು, 20 ಪರ್ಸೆಂಟ್ ಏರುತ್ತದೆ. ಧಾರಾಳವಾಗಿ ಕಬ್ಬಿಣ ಹಾಕಿದ ಟ್ರಾನ್ಸ್‌ಫಾರ್ಮರ್ ತಡೆದುಕೊಳ್ಳುತ್ತದೆ. ಬಿಗಿಯಾಗಿ ಲೆಕ್ಕ ಹಾಕಿ ಮಾಡಿದ್ದು ಬಿಸಿಯಾಗುತ್ತಾ, ಗುಂಯ್‌ಗುಡುತ್ತಾ ಒಂದು ದಿನ ಹೋಗುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟು 25 ಹರ್ಟ್ಸ್‌ನದ್ದು. ಅಷ್ಟು ಕಡಿಮೆ ಹರ್ಟ್ಸ್‌ಗೆ ಟ್ರಾನ್ಸ್‌ಫಾರ್ಮರ್‌ನಲ್ಲಿ ಎಷ್ಟೊಂದು ಕಬ್ಬಿಣ ಬೇಕು ಅಂತ ಯೋಚಿಸಿದರೆ ಈಗಲೂ ಬೆರಗಾಗುತ್ತದೆ.

ಇದೇ ಕಾರಣಕ್ಕೆ ರೀವೈಂಡಿಂಗ್, ಅಂದರೆ ಸುಟ್ಟ ಸುರುಳಿ ತೆಗೆದು ಹೊಸದಾಗಿ ಸುತ್ತಿಸುವುದರ ಬಗ್ಗೆ ಎಚ್ಚರ ಬೇಕು. ಮಂಡ್ಯ, ಮದ್ದೂರು ಕಡೆ ಪಂಪ್‌ಸೆಟ್ ಮೋಟರ್ ಸುತ್ತುವ ಒಳ್ಳೆಯ ಕೈಗಳಿವೆ. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಹಳೆ ಕೋರ್ ಮೇಲೆ ಹಳೆಯ ಲೆಕ್ಕದಲ್ಲೇ ಸುರುಳಿ ಸುತ್ತಿದರೆ 50 ಹರ್ಟ್ಸ್‌ಗೆ ಸಾಲುವುದಿಲ್ಲ. ಪ್ರೈಮರಿ (ಕರೆಂಟ್ ಒಳಬರುವ ಸುರುಳಿ), ಸೆಕೆಂಡರಿ (ಹೊರಹೋಗುವ ಸುರುಳಿ) ಎರಡಕ್ಕೂ ಸುತ್ತು ಜಾಸ್ತಿ ಬೇಕು, ಕೋರ್‌ನ ಕಿಂಡಿಯಲ್ಲಿ ಜಾಗ ಇರುವುದಿಲ್ಲ. ಜೊತೆಗೆ ಇಲ್ಲಿ ನೂರಾರು ವೋಲ್ಟಿನ ಎಚ್‌ಟಿ (ಹೈ ಟೆನ್ಷನ್) ವೈಂಡಿಂಗ್, ಅಂದರೆ ಸುರುಳಿ, ಇದೆ. ಪದರ ಪದರಕ್ಕೂ ಇನ್ಸುಲೇಷನ್ ಹಾಕಿ, ವಾರ್ನಿಶ್ ಒಳಗೆ ಇಳಿಯುವ ಹಾಗೆ ಮಾಡಬೇಕು. ಹಾಗಾಗಿ 50 ಹರ್ಟ್ಸ್‌ಗೆಂದೇ ಮಾಡಿದ ಹೊಸ ಟ್ರಾನ್ಸ್‌ಫಾರ್ಮರ್ ಕಡೆಗೇ ನನ್ನ ಒಲವು.

ಅದಕ್ಕೂ ಮೊದಲು, ಅದು ನಿಜವಾಗಿ ಸತ್ತಿದೆಯಾ ನೋಡಿ. ಸುಮ್ನೆ ಫ್ಯೂಸ್ ಹೋಗುತ್ತಿದ್ದರೆ ತಪ್ಪು ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಟ್ಯೂಬ್‌ದೋ, ಆ ಡಿಸಿಯನ್ನು ಸಮ ಮಾಡುವ, ಶಾರ್ಟ್ ಆದ ಫಿಲ್ಟರ್ ಕೆಪಾಸಿಟರ್‌ದೋ ಇರಬಹುದು. ಆಂಪ್ ಆಫ್ ಮಾಡಿದ ಮೇಲೂ ಆ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ಖಚಿತ ಮಾಡಿಕೊಳ್ಳದೆ ಕೈ ಹಾಕಲೇಬೇಡಿ. ಆಮೇಲೆ ಸೆಕೆಂಡರಿ ವೈರ್‌ಗಳನ್ನೆಲ್ಲ ಬಿಚ್ಚಿ, ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿ. ಒಂದು ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ, ಪ್ರೈಮರಿಗೆ ಬೇಕಾದಷ್ಟೇ ವೋಲ್ಟೇಜ್ ಕೊಡಿ. ಆಗಲೂ ಬಲ್ಬ್ ಜೋರಾಗಿ ಉರಿದರೆ ವೈಂಡಿಂಗ್ ಒಳಗೇ ಶಾರ್ಟ್ ಆಗಿದೆ.

ಈಗ ಆಯ್ಕೆಗೆ ಬರೋಣ. ಉದಾಹರಣೆಗೆ ಫೆಂಡರ್‌ನ ಡಿಲಕ್ಸ್ ರಿವರ್ಬ್ ಆಂಪ್ ತೆಗೆದುಕೊಳ್ಳಿ. ಅದರ ಎಬಿ763 ಅನ್ನುವ ಸರ್ಕ್ಯೂಟ್‌ನಲ್ಲಿ ಎಚ್‌ಟಿ 330-0-330 ವೋಲ್ಟ್ ಎಸಿ, ಅಂದರೆ ನಡುವಿನ ವೈರ್‌ನಿಂದ ಎರಡೂ ತುದಿಗೆ 330. ಜಿಝಡ್34 ರೆಕ್ಟಿಫೈಯರ್ ದಾಟಿದ ಮೇಲೆ ಸುಮಾರು 415 ವೋಲ್ಟ್ ಡಿಸಿ. ಇದರ ಪವರ್ ಟ್ಯೂಬ್ ಆದ 6ವಿ6ನ ಡೇಟಾಶೀಟ್ ಮಿತಿಗಿಂತ ಇದು ಆಗಲೇ ಜಾಸ್ತಿ. ಹಾಗಿರುವಾಗ 350-0-350 ಹಾಕಿಸಿ ‘ಪವರ್’ ಏರಿಸುವ ಆಸೆ ಬೇಡ. ಹೀಟರ್ (ಟ್ಯೂಬನ್ನು ಒಳಗಿಂದ ಬಿಸಿ ಮಾಡುವ ತಂತಿ) ಲೆಕ್ಕ ಸುಲಭ. ಆರು ಪ್ರೀಆಂಪ್ ಟ್ಯೂಬ್‌ಗಳಿಗೆ ತಲಾ 0.3 ಆಂಪಿಯರ್, ಎರಡು 6ವಿ6ಗೆ ತಲಾ 0.45, ಇಂಡಿಕೇಟರ್ ಬಲ್ಬಿಗೆ 0.15. ಒಟ್ಟು 2.85. ನಾನಾದರೆ 4 ಆಂಪಿಯರ್‌ನದ್ದು ತೆಗೆದುಕೊಳ್ಳುತ್ತೇನೆ. ರೆಕ್ಟಿಫೈಯರ್‌ನ 5 ವೋಲ್ಟ್ ವೈಂಡಿಂಗ್‌ಗೆ 1.9 ಆಂಪಿಯರ್ ಸಾಕು. ಮುಂದೆ ಅದರ ಬದಲು 5ಯು4ಜಿಬಿ ರೆಕ್ಟಿಫೈಯರ್ ಹಾಕುವ ಯೋಚನೆ ಇದ್ದರೆ 3 ಬೇಕು.

ಹೀಟರ್‌ನಲ್ಲಿ ದೊಡ್ಡ ಅಂಕಿ ಒಳ್ಳೆಯದು, ಎಚ್‌ಟಿಯಲ್ಲಿ ಹಾಗಲ್ಲ. ಗಿಟಾರ್ ಜೋರಾಗಿ ಮೀಟಿದಾಗ ವೋಲ್ಟೇಜ್ ಸ್ವಲ್ಪ ಕುಸಿದು ಮತ್ತೆ ಏಳುತ್ತದೆ. ಆ ಮೆತ್ತನೆ ಸ್ವಭಾವಕ್ಕೇ ಅಲ್ವಾ ಜನ ಹಳೆ ಆಂಪ್ ಇಷ್ಟಪಡುವುದು? ಅದರ ಒಂದು ಭಾಗ ಬರುವುದು ಎಚ್‌ಟಿ ವೈಂಡಿಂಗ್‌ನ ರೆಸಿಸ್ಟೆನ್ಸ್‌ನಿಂದ. ದುಪ್ಪಟ್ಟು ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್ ಹಾಕಿದರೆ ಟೋನ್ ಬಿಗಿಯಾಗುತ್ತದೆ, ವೋಲ್ಟೇಜೂ ಏರುತ್ತದೆ. ಹಳೆಯದರ ಎಚ್‌ಟಿಯಲ್ಲಿ ಅರ್ಧ ಭಾಗ ಚೆನ್ನಾಗಿ ಉಳಿದಿದ್ದರೂ ಅದರ ಓಮ್ಸ್ ಅಳೆದು ಬರೆದಿಟ್ಟುಕೊಳ್ಳಿ. ಹೊಸದು ಅದರ ಹತ್ತಿರ ಇರಲಿ.

ಮರೆತುಹೋಗುವುದು ಬಯಾಸ್ ಟ್ಯಾಪ್. ಎಚ್‌ಟಿಯಿಂದಲೇ ಹೊರಡುವ ಈ ಸಣ್ಣ ವೈರ್‌ನಿಂದ ಪವರ್ ಟ್ಯೂಬ್‌ಗಳಿಗೆ ನೆಗೆಟಿವ್ ವೋಲ್ಟೇಜ್ ಸಿಗುತ್ತದೆ. ಅದಿಲ್ಲದೆ ಆನ್ ಮಾಡಿದರೆ 6ವಿ6 ಪ್ಲೇಟ್‌ಗಳು ಕೆಂಪಗಾಗುತ್ತವೆ. ಹೀಟರ್ ವೈಂಡಿಂಗ್‌ನ ನಡುವಿನ ವೈರ್ (ಸೆಂಟರ್ ಟ್ಯಾಪ್) ಇಲ್ಲದಿದ್ದರೆ ಚಿಂತೆಯಿಲ್ಲ, ಎರಡು 100 ಓಮ್ಸ್ ರೆಸಿಸ್ಟರ್‌ಗಳಲ್ಲಿ ಸರಿಮಾಡಬಹುದು. ಬೋಲ್ಟ್ ತೂತುಗಳ ನಡುವಿನ ಅಂತರವನ್ನು ಆರ್ಡರ್ ಮಾಡುವ ಮೊದಲೇ ಅಳೆಯಿರಿ.

ಪ್ರೈಮರಿಯಲ್ಲಿ 230 ಮತ್ತು 240 ಎರಡೂ ಟ್ಯಾಪ್ ಇರುವುದನ್ನೇ ಕೇಳಿ. ರಾತ್ರಿ ಲೋಡ್ ಇಳಿದಾಗ ಲೈನ್ 250 ಮುಟ್ಟಿದರೆ, 230ರ ಟ್ಯಾಪ್‌ನಲ್ಲಿ 6.3 ವೋಲ್ಟ್ ಹೀಟರ್ 6.85ಕ್ಕೆ ಏರುತ್ತದೆ. 10 ಪರ್ಸೆಂಟ್ ಮಿತಿಯ ಅಂಚು ಅದು. ನಾನು ಸಾಮಾನ್ಯವಾಗಿ 240ಕ್ಕೇ ಜೋಡಿಸುತ್ತೇನೆ. ಹಳೆಯ ಎರಡು ಪಿನ್ ವೈರ್ ತೆಗೆದು, ಅರ್ಥಿಂಗ್ ಇರುವ ಮೂರು ಪಿನ್‌ನದ್ದು ಹಾಕಿ. ಮೇನ್ಸ್‌ನಿಂದ ಚಾಸಿಸ್‌ಗೆ (ಆಂಪ್‌ನ ಲೋಹದ ಚೌಕಟ್ಟಿಗೆ) ಹೋಗುವ ಹಳೆ ಕೆಪಾಸಿಟರ್ ಇದ್ದರೆ ಅದನ್ನೂ ಕಿತ್ತುಹಾಕಿ. ಫ್ಯೂಸ್ ಬದಲಾಯಿಸುವುದನ್ನು ಮರೆಯಬೇಡಿ. ವೋಲ್ಟೇಜ್ ಎರಡರಷ್ಟಾದಾಗ ಪ್ರೈಮರಿ ಕರೆಂಟ್ ಅರ್ಧಕ್ಕೆ ಇಳಿಯುತ್ತದೆ. ಹಿಂಬದಿಯಲ್ಲಿ 2 ಆಂಪಿಯರ್ ಅಂತ ಬರೆದಿದ್ದರೆ ಈಗ 1 ಆಂಪಿಯರ್‌ನ ಸ್ಲೋ-ಬ್ಲೋ (ನಿಧಾನಕ್ಕೆ ಸುಡುವ) ಫ್ಯೂಸ್ ಸಾಕು.