ಕೂಲಿಯ ಜೊತೆ ಎಣಿಸಿಕೊಟ್ಟ ಸುಖ: ‘ಸೋಮ’ದ ಹಿನ್ನೆಲೆ

ಆಲ್ಡಸ್ ಹಕ್ಸ್‌ಲಿ 1932ರಲ್ಲಿ ಪ್ರಕಟಿಸಿದ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿಯ ಕಲ್ಪಿತ ಸಮಾಜದಲ್ಲಿ ‘ಸೋಮ’ ಎಂಬ ಗುಳಿಗೆಯೊಂದಿದೆ. ಅದನ್ನು ಕದ್ದು ಮಾರುವವರಿಲ್ಲ, ಮರೆಯಲ್ಲಿ ನುಂಗುವವರೂ ಇಲ್ಲ; ಅಲ್ಲಿನ ವಿಶ್ವರಾಜ್ಯವೇ ಅದನ್ನು ತಯಾರಿಸಿ ಪ್ರಜೆಗಳಿಗೆ ಹಂಚುತ್ತದೆ. ಅಮಲಿನ ವಿಚಾರ ಬಂದಾಗ ನಮ್ಮ ಚರ್ಚೆ ಸಾಮಾನ್ಯವಾಗಿ ಆರೋಗ್ಯ, ಅಪರಾಧ, ನಿಷೇಧಗಳ ಸುತ್ತಲೇ ತಿರುಗುತ್ತದೆ. ಅದನ್ನು ಯಾರು, ಯಾರಿಗೆ, ಯಾತಕ್ಕಾಗಿ ಕೊಡುತ್ತಾರೆ ಎಂಬುದನ್ನು ಕೇಳುವವರು ಕಡಿಮೆ. ಕಾಫಿ ತೋಟ, ತೋಟದ ಕೂಲಿಯವರ ಸಾಲುಮನೆಗಳಾದ ಲೈನ್ ಮನೆ, ವಾರದ ಬಟವಾಡೆಗಳನ್ನು ಕಂಡು ಬೆಳೆದ ಕೊಡಗಿನ ಓದುಗರಿಗೆ ಈ ಪ್ರಶ್ನೆ ಪರಕೀಯವೇನಲ್ಲ.

ಕಥೆ ನಡೆಯುವುದು ಫೋರ್ಡ್ ಶಕೆ 632ರಲ್ಲಿ. ಹೆನ್ರಿ ಫೋರ್ಡ್ ಅವರ ‘ಮಾಡೆಲ್ ಟಿ’ ಕಾರು ಹೊರಬಂದ 1908ರಿಂದ ಆ ಶಕೆಯನ್ನು ಎಣಿಸುತ್ತಾರೆ. ಶಕೆ 141ರಲ್ಲಿ ಒಂಬತ್ತು ವರ್ಷಗಳ ಮಹಾಯುದ್ಧ ಶುರುವಾಗಿ, ಆರ್ಥಿಕ ವ್ಯವಸ್ಥೆ ಕುಸಿದು, ಜನ ಬಸವಳಿದಾಗ ಆಳುವವರು ಮೊದಲು ಬಲಪ್ರಯೋಗಕ್ಕೇ ಕೈಹಾಕಿದರು. ಸರಳ ಬದುಕನ್ನು ಬಯಸಿದವರ ಮೇಲೆ ಮೆಷಿನ್ ಗನ್ ಹಾರಿಸಿದರು, ಓದು ಬರಹ ಬಿಡಲೊಲ್ಲದವರನ್ನು ವಿಷಾನಿಲದಿಂದ ಕೊಂದರು. ಇದರಿಂದ ಪ್ರಯೋಜನವಿಲ್ಲವೆಂದು ಮನಗಂಡ ಮೇಲೆ ಮೆತ್ತಗಿನ ದಾರಿಗಳನ್ನು ಹುಡುಕಿದರು. ಶಕೆ 178ರಲ್ಲಿ ಎರಡು ಸಾವಿರ ಔಷಧ ವಿಜ್ಞಾನಿಗಳಿಗೆ ಮತ್ತು ಜೀವರಸಾಯನ ವಿಜ್ಞಾನಿಗಳಿಗೆ ಧನಸಹಾಯ ದೊರೆಯಿತು. ಆರು ವರ್ಷಗಳಲ್ಲಿ ಸೋಮ ಮಾರುಕಟ್ಟೆಗೆ ಸಿದ್ಧವಾಯಿತು. ಅರ್ಧ ಗ್ರಾಂ ನುಂಗಿದರೆ ಅರ್ಧ ದಿನದ ರಜೆ, ಒಂದು ಗ್ರಾಮಿಗೆ ವಾರಾಂತ್ಯ, ಎರಡು ಗ್ರಾಮಿಗೆ ಪೂರ್ವ ದೇಶಗಳ ಪ್ರವಾಸ. ಎಚ್ಚರವಾದಾಗ ತಲೆನೋವಿಲ್ಲ, ಕೆಲಸಕ್ಕೆ ಅಡ್ಡಿಯೂ ಇಲ್ಲ. ಮಿತಿಮೀರಿದರೆ ಮಾತ್ರ ಅದೂ ಕೊಲ್ಲುತ್ತದೆ. ದಿನಕ್ಕೆ ಇಪ್ಪತ್ತು ಗ್ರಾಮಿನವರೆಗೂ ಸೇವಿಸತೊಡಗಿದ ಲಿಂಡಾ ಎಂಬ ಹೆಂಗಸು ಉಸಿರಾಟ ಕುಗ್ಗಿ ಬೇಗ ಸಾಯುತ್ತಾಳೆಂದು ಗೊತ್ತಿದ್ದೂ ವೈದ್ಯನು ಸುಮ್ಮನಿರುತ್ತಾನೆ.

ಈ ಗುಳಿಗೆಯ ನಿಜವಾದ ಸ್ಥಾನ ತಿಳಿಯಬೇಕಾದರೆ ಅದನ್ನು ಹಂಚುವ ಹೊತ್ತನ್ನು ನೋಡಬೇಕು. ಆಲ್ಫಾದಿಂದ ಎಪ್ಸಿಲಾನ್‌ವರೆಗೆ ಹುಟ್ಟುವ ಮೊದಲೇ ಮೇಲು ಕೀಳೆಂದು ವಿಂಗಡಿಸಲ್ಪಟ್ಟ ಆ ಸಮಾಜದಲ್ಲಿ ಕಾರ್ಖಾನೆಯ ದುಡಿಮೆಗಾರರಿಗೆ ದಿನದ ಕೆಲಸ ಮುಗಿದ ಮೇಲೆ ಅರ್ಧ ಗ್ರಾಮಿನ ನಾಲ್ಕು ಗುಳಿಗೆಗಳು ಸಿಗುತ್ತವೆ, ಶನಿವಾರ ಆರು. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ 162 ಮಂದಿ ಡೆಲ್ಟಾ ಕೆಲಸಗಾರರು ಸಂಜೆ ಆರಕ್ಕೆ ಹಜಾರದಲ್ಲಿ ಸೇರುತ್ತಾರೆ. ಅವರೆಲ್ಲ ಎರಡು ಗುಂಪಿನ ಅವಳಿಗಳು: 84 ಹೆಂಗಸರದು ಒಂದೇ ಮುಖ, 78 ಗಂಡಸರದು ಇನ್ನೊಂದೇ ಮುಖ. ಆಗಷ್ಟೇ ತಾಯಿ ಲಿಂಡಾಳನ್ನು ಕಳೆದುಕೊಂಡ ಜಾನ್ ಅಲ್ಲಿಗೆ ಬಂದು, ಇದು ವಿಷ, ನೀವು ಸ್ವತಂತ್ರರಾಗಬೇಡವೇ ಎಂದು ಕೂಗುತ್ತ ಗುಳಿಗೆಯ ಡಬ್ಬಿಗಳನ್ನು ಕಿಟಕಿಯಿಂದ ಹೊರಗೆಸೆಯುತ್ತಾನೆ. ಬಿಡುಗಡೆಯ ಮಾತನಾಡಿದವನ ಮೇಲೆಯೇ ಡೆಲ್ಟಾಗಳು ಎರಗುತ್ತಾರೆ. ಪೊಲೀಸರು ಬಂದು ಗಾಳಿಗೆ ಸೋಮದ ಆವಿಯನ್ನು ಸಿಂಪಡಿಸುತ್ತಾರೆ. ಸಂಗೀತದ ಪೆಟ್ಟಿಗೆಯಿಂದ ಅಕ್ಕರೆಯ ದನಿಯೊಂದು ಬುದ್ಧಿ ಹೇಳುತ್ತದೆ. ಜಗಳವಾಡುತ್ತಿದ್ದವರು ಒಬ್ಬರನ್ನೊಬ್ಬರು ತಬ್ಬಿ ಅಳುತ್ತಾರೆ. ಹೊಸ ಡಬ್ಬಿಗಳು ಬಂದು ಹಂಚಿಕೆ ಮುಂದುವರಿಯುತ್ತದೆ. ಇಡೀ ಕಾದಂಬರಿಯಲ್ಲಿ ಇಷ್ಟು ನೋಯಿಸುವ ಪುಟ ನನಗೆ ಇನ್ನೊಂದು ಕಾಣಲಿಲ್ಲ.

ಹೆಸರನ್ನು ಹಕ್ಸ್‌ಲಿ ಋಗ್ವೇದದಿಂದ ಎತ್ತಿಕೊಂಡರು. ಅದರ ಒಂಬತ್ತನೆಯ ಮಂಡಲವಿಡೀ ಸೋಮಕ್ಕೆ ಮೀಸಲು: ಕಲ್ಲಿನಲ್ಲಿ ಜಜ್ಜಿ, ಉಣ್ಣೆಯಲ್ಲಿ ಸೋಸಿ, ಹಾಲು ಬೆರೆಸಿ ದೇವತೆಗಳಿಗೆ ಅರ್ಪಿಸುವ ರಸ ಅದು. ಅದು ಯಾವ ಗಿಡವೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಕಾದಂಬರಿ ಹೊರಬಂದಾಗ ಅಮೆರಿಕದಲ್ಲಿ 1920ರಿಂದ ಜಾರಿಯಲ್ಲಿದ್ದ ಪಾನನಿಷೇಧ ಇನ್ನೂ ತೆರವಾಗಿರಲಿಲ್ಲ. ಅಂಥ ಕಾಲದಲ್ಲಿ, ಸರ್ಕಾರವೇ ಅಮಲನ್ನು ಹಂಚಿದರೆ ಏನಾದೀತೆಂದು ಯೋಚಿಸಿದ್ದು ಅಸಾಮಾನ್ಯ ದೂರದೃಷ್ಟಿ.

1950ರ ದಶಕದಲ್ಲಿ ಮನಸ್ಸನ್ನು ಶಾಂತಗೊಳಿಸುವ ಮಾತ್ರೆಗಳು ಔಷಧದಂಗಡಿಗೇ ಬಂದವು. 1955ರಲ್ಲಿ ಅಮೆರಿಕದ ಮಾರುಕಟ್ಟೆಗೆ ಇಳಿದ ಮೆಪ್ರೊಬಮೇಟ್ ಕೆಲವೇ ವರ್ಷಗಳಲ್ಲಿ ಮನೆಮಾತಾಯಿತು. 1959ರಲ್ಲಿ ಸ್ನಾಯುನೋವಿನ ಮಾತ್ರೆಯೊಂದು ‘ಸೋಮ’ ಎಂಬ ಹೆಸರಿನಲ್ಲೇ ಮಾರಾಟವಾಗತೊಡಗಿತು. 1958ರಲ್ಲಿ ತಮ್ಮ ಕಲ್ಪನೆಯನ್ನು ಮರುವಿಮರ್ಶೆಗೊಳಪಡಿಸಿದ ಹಕ್ಸ್‌ಲಿ, ಸರ್ವಾಧಿಕಾರಿಗಳ ಕೈಗೆ ಸಿಗಬಹುದಾದ ರಾಸಾಯನಿಕಗಳ ಬಗ್ಗೆ ಒಂದು ಅಧ್ಯಾಯವನ್ನೇ ಬರೆದರು. ಅವರು ಅಮಲಿನ ವಿರೋಧಿಯಾಗಿರಲಿಲ್ಲ. 1953ರಲ್ಲಿ ವೈದ್ಯರೊಬ್ಬರ ಮೇಲ್ವಿಚಾರಣೆಯಲ್ಲಿ ಮೆಸ್ಕಲಿನ್ ಎಂಬ ಭ್ರಮೆ ತರಿಸುವ ರಾಸಾಯನಿಕವನ್ನು ಸೇವಿಸಿ ಆ ಅನುಭವವನ್ನು ಗೌರವದಿಂದಲೇ ದಾಖಲಿಸಿದ್ದರು. 1962ರ ಕೊನೆಯ ಕಾದಂಬರಿಯಲ್ಲಿ ಅವರು ಕಲ್ಪಿಸಿದ ‘ಪಾಲಾ’ ದ್ವೀಪದಲ್ಲಿ ಹರೆಯಕ್ಕೆ ಬಂದ ಮಕ್ಕಳು ಬಂಡೆ ಹತ್ತಿ ಇಳಿದ ಮೇಲೆ ಶಿವನ ಗುಡಿಯಲ್ಲಿ ಹಿರಿಯರ ಸಮ್ಮುಖದಲ್ಲಿ ‘ಮೋಕ್ಷ’ ಎಂಬ ಔಷಧವನ್ನು ಸ್ವೀಕರಿಸುತ್ತಾರೆ. ಅಲ್ಲಿ ಅದು ಕಣ್ಣು ತೆರೆಸುವುದಕ್ಕಾಗಿ ಅಪರೂಪಕ್ಕೆ ಸಿಗುವಂಥದ್ದು, ದಿನಗೂಲಿಯ ಜೊತೆ ಬರುವಂಥದ್ದಲ್ಲ.

ಕೊಡಗಿನಲ್ಲಿ ಈ ಎರಡೂ ಬಗೆಗಳು ಅಕ್ಕಪಕ್ಕದಲ್ಲೇ ಇವೆ. ಕೊಡವ ಕುಲದ ಮೂಲಮನೆಯಾದ ಐನ್‌ಮನೆಯ ಕೈಮಡದಲ್ಲಿ, ಅಂದರೆ ಹಿರಿಯರ ಗುಡಿಯಲ್ಲಿ, ಕುಲದ ಮೂಲಪುರುಷರಾದ ಕಾರೋಣರಿಗೆ ಎಡೆ ಇಡುವಾಗ ಮಾಂಸದೊಂದಿಗೆ ಮದ್ಯವೂ ಇರುತ್ತದೆ. ಹಿರಿಯರಿಗೆ ಅರ್ಪಿಸಿದ ಮೇಲೆಯೇ ಉಳಿದವರಿಗೆ. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಸೇರುವ ಜೇನುಕುರುಬ, ಯರವ ಆದಿವಾಸಿಗಳು ಕುಡಿದು, ವೇಷ ಕಟ್ಟಿ, ಡಬ್ಬ ಬಡಿಯುತ್ತ ದೇವರನ್ನೇ ಬೈದು ಹಾಡುತ್ತಾರೆ. ಸೋಮ ನುಂಗಿಸುವ ಸಿಟ್ಟನ್ನು ಇಲ್ಲಿ ಅಮಲು ಹೊರಗೆ ಹಾಡಿಸುತ್ತದೆ. ಹೊರಗಿನಿಂದ ಬಂದು ನೋಡಿ ಅಶ್ಲೀಲವೆಂದು ಮೂಗು ಮುರಿಯುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ ಎಂಬ ಬೇಸರ ನನಗಿದೆ.

ಇನ್ನೊಂದು ಬಗೆಯದು ಸಾರಾಯಿ ಪ್ಯಾಕೆಟ್. ಸರ್ಕಾರ ಹರಾಜು ಹಾಕಿ ಗುತ್ತಿಗೆ ಕೊಡುತ್ತಿದ್ದ, ಅಂಗೈಯಲ್ಲಿ ಹಿಡಿಯುವಂಥ ಆ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಕುಡಿಯುತ್ತಿದ್ದುದನ್ನು ಸಂತೆಯ ದಿನ ನೋಡದವರಿಲ್ಲ. ನಾನು ಪಾಠ ಮಾಡುವ ತರಗತಿಯಲ್ಲಿ ಕಾದಂಬರಿಯ ಆ ಆಸ್ಪತ್ರೆಯ ಪುಟವನ್ನು ಓದಿಸಿದಾಗ, ತೋಟದ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು, “ನಮ್ಮ ಅಜ್ಜನಿಗೂ ಬಟವಾಡೆ ದಿನ ಹೀಗೇ ಕೊಡ್ತಿದ್ರಂತೆ ಸರ್, ಲೆಕ್ಕದಲ್ಲಿ ಹಿಡ್ಕೊಂಡು” ಎಂದಳು. ಜೀತ ಪದ್ಧತಿಯನ್ನು ರದ್ದುಗೊಳಿಸುವ ಕಾಯ್ದೆ 1976ರಲ್ಲೇ ಬಂದಿದೆ. ಆದರೆ ಮುಂಗಡ ಸಾಲ, ಮನೆ, ಕೂಲಿ, ಕುಡಿತ ನಾಲ್ಕೂ ಒಂದೇ ಕೈಯಿಂದ ಬರುವಲ್ಲಿ ಕಾಯ್ದೆಯ ಹೆಸರು ಹೇಳಿ ಎದ್ದು ಹೊರಡುವುದು ಸುಲಭವಲ್ಲ.

ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಹಳ್ಳಿಹಳ್ಳಿಗಳಲ್ಲಿ ಹೆಂಗಸರು ವರ್ಷಗಟ್ಟಲೆ ಒತ್ತಾಯಿಸುತ್ತ ಬಂದಿದ್ದ ಬೇಡಿಕೆ ಅದು, ಮತ್ತು ನ್ಯಾಯವಾದದ್ದೇ. ಆದರೆ ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮುಗಳು ಬಂದು ಕೂತವು. ಜಾನ್ ಮಾಡಿದ್ದೂ ಇಷ್ಟೇ ಎಂದು ನನಗನಿಸುತ್ತದೆ: ಡಬ್ಬಿಗಳನ್ನು ಎಸೆದ, ಸರದಿಯಲ್ಲಿ ನಿಂತವರ ದುಡಿಮೆ, ವಸತಿ, ಹುಟ್ಟಿನೊಂದಿಗೇ ಹೊರಿಸಿದ ಸ್ಥಾನ ಯಾವುದೂ ಬದಲಾಗಲಿಲ್ಲ. ಕೊಡಗಿನ ಆದಿವಾಸಿಗಳು ತಾವಾಗಿಯೇ ಮುಂದಿಟ್ಟ ಬೇಡಿಕೆ ಬೇರೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಅವರ ನೂರಾರು ಗುಡಿಸಲುಗಳನ್ನು ಅಧಿಕಾರಿಗಳು ಕೆಡವಿದಾಗ, ಲೈನ್ ಮನೆಗಳನ್ನು ಬಿಟ್ಟುಬಂದಿದ್ದ ಕುಟುಂಬಗಳೂ ಸೇರಿ ಅಲ್ಲೇ ಧರಣಿ ಕೂತು ಕೇಳಿದ್ದು ಸ್ವಂತದ ನೆಲವನ್ನು, ಸ್ವಂತದ ಮನೆಯನ್ನು. ಮುಂದೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ಪುನರ್ವಸತಿ ಸಿಕ್ಕಿತು.